ಕೆಎಕ್ಸ್ 100 ಮೋಟೋಕ್ರಾಸ್ ಬೈಕನ್ನು ತೋಟದ ಹಾದಿಗೆ ಪಳಗಿಸುವುದು ಹೇಗೆ?

ಬಾಣೆ ಹಾದಿ, ಸುಂಟಿಕೊಪ್ಪ:

ಎಲ್ಲರಿಗೂ ನಮಸ್ಕಾರ. ಸ್ನೇಹಿತರೊಬ್ಬರು ಟ್ರ್ಯಾಕ್ ರೇಸ್ ನಿಲ್ಲಿಸಿದರು, ಅವರ ಕವಾಸಕಿ ಕೆಎಕ್ಸ್ 100 ಈಗ ನಮ್ಮ ಶೆಡ್ಡಿನಲ್ಲಿದೆ. 99 ಸಿಸಿ ಟೂ ಸ್ಟ್ರೋಕ್, ವಾಟರ್ ಕೂಲಿಂಗ್, 6 ಗೇರು, ಮುಂದೆ 19 ಇಂಚು, ಹಿಂದೆ 16 ಇಂಚು ಚಕ್ರ. ಲೈಟಿಲ್ಲ, ಹಾರ್ನಿಲ್ಲ, ಸೈಡ್ ಸ್ಟ್ಯಾಂಡ್ ಕೂಡ ಇಲ್ಲ. ಇಂಜಿನ್ ಚೆನ್ನಾಗಿದೆ, ಪಿಸ್ಟನ್ನು ರಿಂಗು ಹೊಸದು.

ನನಗೆ ರೇಸ್ ಬೇಡ. ತೋಟದೊಳಗಿನ ರಸ್ತೆ, ಬಾಣೆಯ (ಗದ್ದೆ ಮೇಲಿನ ಗುಡ್ಡದ ಜಾಗ) ಏರು, ಗದ್ದೆ ಬದಿಯ ದಾರಿ, ತೋಡು (ಸಣ್ಣ ಹಳ್ಳ) ದಾಟಿ ಪಂಪ್‌ಹೌಸ್ ತನಕ ನಿಧಾನಕ್ಕೆ ಹೋಗಿ ಬರುವ ಹಾಗಿದ್ದರೆ ಸಾಕು. ಈಗ ಅದು ಆಗುತ್ತಿಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಏನೂ ಶಕ್ತಿ ಇಲ್ಲ, ಸ್ವಲ್ಪ ಥ್ರಾಟಲ್ ಜಾಸ್ತಿ ಕೊಟ್ಟರೆ ಒಮ್ಮೆಲೇ ಪವರ್ ಬಂದು ಕೆಂಪು ಮಣ್ಣಿನಲ್ಲಿ ಹಿಂದಿನ ಚಕ್ರ ಅಡ್ಡ ಹೋಗುತ್ತದೆ. ತಿರುವಿನಲ್ಲಿ ನಿಧಾನ ಮಾಡಿದರೆ ಆಫ್. ಬೇರು, ಕಲ್ಲು ಸಿಕ್ಕ ಕಡೆ ಹಿಂಭಾಗ ಎತ್ತಿ ಒಗೆಯುತ್ತದೆ. ಏರಿನಲ್ಲಿ ಒಂದನೇ ಗೇರಿಗೂ ಕ್ಲಚ್ ಹಿಡಿದು ಹಿಡಿದು ಬಿಡಬೇಕು, ಅಷ್ಟರಲ್ಲಿ ರೇಡಿಯೇಟರ್ ಕುದಿಯಲು ಶುರು. ನನ್ನ ತೂಕ 72 ಕೆಜಿ.

ಊರಿನ ಮೆಕ್ಯಾನಿಕ್ ಒಬ್ಬರು ಸಿಲಿಂಡರ್ ಪೋರ್ಟ್ (ಗಾಳಿ, ಹೊಗೆ ಓಡಾಡುವ ಕಿಂಡಿ) ಕೆಲಸ ಮಾಡಿಸಿ ಅನ್ನುತ್ತಾರೆ. ಇನ್ನೊಬ್ಬರು ಮಾರಿಬಿಡಿ ಅನ್ನುತ್ತಾರೆ. ನನಗೆ ಈ ಬೈಕ್ ತುಂಬಾ ಇಷ್ಟವಾಗಿದೆ. 77 ಕೆಜಿ ತೂಕ ಅಷ್ಟೇ, ಗುಂಡಿಗೆ ಬಿದ್ದರೂ ಒಬ್ಬನೇ ಎತ್ತಬಹುದು. ಯಾವುದರಿಂದ ಶುರು ಮಾಡಲಿ?

ಹತ್ತು-ಹನ್ನೆರಡು ಸ್ಪ್ಯಾನರ್, ಗೋಣಿಕೊಪ್ಪ:

ಸಿಲಿಂಡರ್ ಮುಟ್ಟಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ. ಪೋರ್ಟ್ ಒಮ್ಮೆ ಉಜ್ಜಿದರೆ ವಾಪಸ್ ಬರುವುದಿಲ್ಲ. ನೀವು ಹೇಳಿದ ತೊಂದರೆಗಳಲ್ಲಿ ಮುಕ್ಕಾಲು ಭಾಗ ಸಿಲಿಂಡರ್ ಹೊರಗೇ ಸರಿಹೋಗುತ್ತವೆ.

ಮೊದಲ ಕೆಲಸ ಗೇರಿಂಗ್. ಮೋಟೋಕ್ರಾಸ್ ಬೈಕಿನ ಒಂದನೇ ಗೇರು ರೇಸ್ ಸ್ಟಾರ್ಟಿಗೆ ಇರುವುದು, ನಡೆಯುವ ವೇಗಕ್ಕಲ್ಲ. ಅದಕ್ಕೇ ನೀವು ಕ್ಲಚ್ ಜಾರಿಸಿ ಜಾರಿಸಿ ಹೋಗುತ್ತಿದ್ದೀರಿ, ಇಂಜಿನ್ ಕೂಗುತ್ತದೆ ಬೈಕ್ ಮುಂದೆ ಹೋಗುವುದಿಲ್ಲ, ರೇಡಿಯೇಟರಿಗೆ ಗಾಳಿ ಸಿಗುವುದಿಲ್ಲ, ಕುದಿಯುತ್ತದೆ. ಅಂದರೆ ಕುದಿಯುವುದೂ ಏರು ಹತ್ತದಿರುವುದೂ ಒಂದೇ ಕಾಯಿಲೆ. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಹಿಂದೆ ಸುಮಾರು ನಾಲ್ಕು ಹಲ್ಲು ಜಾಸ್ತಿ ಮಾಡಿದ ಹಾಗೆ. ಉದಾಹರಣೆಗೆ 13/50 ಇದ್ದರೆ ಅನುಪಾತ 3.85. ಮುಂದೆ 12 ಹಾಕಿದರೆ 4.17, ಅದರ ಬದಲು ಹಿಂದೆ 54 ಹಾಕಿದರೆ 4.15. ಮುಂದಿನದು ಅಗ್ಗ, ಮೊದಲು ಅದನ್ನೇ ಹಾಕಿ ನೋಡಿ. ಆದರೆ ಮುಂದಿನದು ಚಿಕ್ಕದಾದಷ್ಟೂ ಚೈನ್ ಜಾಸ್ತಿ ಬಾಗುತ್ತದೆ, ಸ್ವಿಂಗ್ ಆರ್ಮ್ ಮೇಲಿನ ರಬ್ಬರ್ ಬೇಗ ಸವೆಯುತ್ತದೆ. ಅಳತೆ ಸರಿ ಅನ್ನಿಸಿದ ಮೇಲೆ ಹಿಂದೆ ದೊಡ್ಡದು ಹಾಕಿ, ಮುಂದೆ ಹಳೆಯದಕ್ಕೇ ವಾಪಸ್ ಬನ್ನಿ.

ಎರಡನೆಯದು ಫ್ಲೈವೀಲ್ (ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಭಾರದ ಚಕ್ರ) ತೂಕ. ನನ್ನ ಪ್ರಕಾರ ಈ ಇಡೀ ಕೆಲಸದ ಜೀವ ಇದೇ. ರೇಸ್ ಬೈಕಿನ ಫ್ಲೈವೀಲ್ ಹಗುರ ಇರುತ್ತದೆ, ಬೇಗ ಏರುತ್ತದೆ, ಅಷ್ಟೇ ಬೇಗ ಸಾಯುತ್ತದೆ. ತೂಕ ಸೇರಿಸಿದರೆ ಬೀಸುವ ಕಲ್ಲಿನ ಹಾಗೆ ತಿರುಗಿದ್ದು ತಿರುಗುತ್ತಲೇ ಇರುತ್ತದೆ. ಪವರ್ ಕಡಿಮೆ ಆಗುವುದಿಲ್ಲ, ಬರುವ ರೀತಿ ಬದಲಾಗುತ್ತದೆ. ತಿರುವಿನಲ್ಲಿ ಆಫ್ ಆಗುವುದು ನಿಲ್ಲುತ್ತದೆ, ಕೆಂಪು ಮಣ್ಣಿನಲ್ಲಿ ಹಿಡಿತ ಸಿಗುತ್ತದೆ. ನಿಮ್ಮ ಮಾಡೆಲ್ಲಿಗೇ ಮಾಡಿದ ತೂಕ ತರಿಸಿ. ದಯವಿಟ್ಟು ಲೇತ್ ಅಂಗಡಿಯಲ್ಲಿ ಕಬ್ಬಿಣದ ಬಳೆ ಮಾಡಿಸಿ ವೆಲ್ಡ್ ಹೊಡೆಸಬೇಡಿ. ಈ ಇಂಜಿನ್ ಹತ್ತು ಸಾವಿರ ಆರ್‌ಪಿಎಂ ದಾಟುತ್ತದೆ. ಬ್ಯಾಲೆನ್ಸ್ ಇಲ್ಲದ ತೂಕ ಆ ವೇಗದಲ್ಲಿ ಕ್ರ್ಯಾಂಕ್ ಬೇರಿಂಗ್ ತಿನ್ನುತ್ತದೆ, ಕಿತ್ತುಕೊಂಡು ಬಂದರೆ ಕವರ್ ಸೀಳಿ ನಿಮ್ಮ ಕಾಲಿಗೇ ಬಡಿಯುತ್ತದೆ.

ಇವೆರಡಕ್ಕೂ ಮೊದಲು ರೀಡ್ ವಾಲ್ವ್ (ಕಾರ್ಬುರೇಟರಿನ ಹಿಂದಿರುವ, ಮಿಶ್ರಣ ವಾಪಸ್ ಹೋಗದ ಹಾಗೆ ತಡೆಯುವ ಎಸಳುಗಳು) ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಎಸಳು ಸರಿಯಾಗಿ ಕೂರದಿದ್ದರೆ, ತುದಿ ಒಡೆದಿದ್ದರೆ, ಕೆಳಗಿನ ಪವರ್ ಇರುವುದೇ ಇಲ್ಲ. ಎಕ್ಸಾಸ್ಟ್ ಪೋರ್ಟಿನ ಎತ್ತರ ಬದಲಿಸುವ ಪವರ್ ವಾಲ್ವ್ ಇಂಗಾಲ ಹಿಡಿದು ಅಂಟಿಕೊಂಡಿದೆಯಾ ಅದನ್ನೂ ನೋಡಿ. ಎಷ್ಟೋ ಸಲ ಇಷ್ಟೇ ಇರುತ್ತದೆ, ಜನ ಸುಮ್ನೆ ದುಬಾರಿ ಪಾರ್ಟ್ ತರಿಸುತ್ತಾರೆ.

ಹಳೇ ಆರ್‌ಎಕ್ಸ್, ವಿರಾಜಪೇಟೆ:

ಮೇಲಿನವರು ಹೇಳಿದ್ದು ಸರಿ. ನಾನು ಒಂದು ಸೇರಿಸುತ್ತೇನೆ, ಇದರ ಕಂಪ್ರೆಷನ್ ಜಾಸ್ತಿ. ನಾವು ಆರ್‌ಎಕ್ಸ್ 100 ಕಾಲದಿಂದ ಟೂ ಸ್ಟ್ರೋಕ್ ಓಡಿಸಿದವರು, ಅದು ಒಂದನೇ ಗೇರಿನಲ್ಲಿ ಎಂಥ ಏರನ್ನೂ ಹತ್ತುತ್ತಿತ್ತು, ಯಾಕಂದರೆ ಅದನ್ನು ರಸ್ತೆಗೇ ಮಾಡಿದ್ದು, ಪವರ್ ಕೆಳಗಿನಿಂದಲೇ ಬರುತ್ತಿತ್ತು. ಇದರಲ್ಲಿ ಸಿಲಿಂಡರ್ ಕೆಳಗೆ ದಪ್ಪ ಗ್ಯಾಸ್ಕೆಟ್ ಹಾಕಿದರೆ ಕಂಪ್ರೆಷನ್ ಇಳಿಯುತ್ತದೆ, ಮೆತ್ತಗಾಗುತ್ತದೆ, ಸಾಮಾನ್ಯ ಪೆಟ್ರೋಲಿನಲ್ಲೂ ಓಡುತ್ತದೆ. ಖರ್ಚೂ ಕಡಿಮೆ.

ಹತ್ತು-ಹನ್ನೆರಡು ಸ್ಪ್ಯಾನರ್, ಗೋಣಿಕೊಪ್ಪ:

ಅಣ್ಣಾ, ಕಂಪ್ರೆಷನ್ ಇಳಿಯುವುದು ನಿಜ. ಆದರೆ ಸಿಲಿಂಡರ್ ಮೇಲೆದ್ದರೆ ಅದರ ಜೊತೆ ಪೋರ್ಟುಗಳೂ ಮೇಲೇಳುತ್ತವೆ ಅಲ್ವಾ? ಎಕ್ಸಾಸ್ಟ್ ಪೋರ್ಟ್ ಮೇಲೆ ಹೋದಷ್ಟೂ ಅದು ಬೇಗ ತೆರೆಯುತ್ತದೆ, ಪವರ್ ಇನ್ನೂ ಮೇಲಿನ ಆರ್‌ಪಿಎಂಗೆ ಹೋಗುತ್ತದೆ. ಇವರಿಗೆ ಬೇಕಾಗಿರುವುದು ಅದರ ಉಲ್ಟಾ. ಕಂಪ್ರೆಷನ್ ಇಳಿಸಲೇಬೇಕು ಅಂದರೆ ಹೆಡ್ ಕಡೆಯಿಂದ ಇಳಿಸಬೇಕು, ಒಳಗಿನ ಗುಮ್ಮಟದ ಆಕಾರ ಗೊತ್ತಿರುವವರ ಹತ್ತಿರ ಮಷಿನ್ ಮಾಡಿಸಬೇಕು. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನ ನಮ್ಮ ಊರುಗಳಲ್ಲಿ ಗಾಳಿಯೇ ತೆಳು, ಸಿಲಿಂಡರಿನ ಒಳಗಿನ ಒತ್ತಡ ಆಗಲೇ ಸ್ವಲ್ಪ ಕಡಿಮೆ ಇರುತ್ತದೆ. ಇಂಜಿನ್ ಕುಟ್ಟುವ ಸದ್ದು ಇಲ್ಲದಿದ್ದರೆ ಹಾಗೇ ಬಿಡಿ.

ಕೆಂಪು ಮಣ್ಣು, ಸೋಮವಾರಪೇಟೆ:

ಸಸ್ಪೆನ್ಷನ್ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಅದನ್ನೇ ಹಿಡಿದುಕೊಳ್ಳುತ್ತೇನೆ. ಈ ಬೈಕಿನ ಜೊತೆ ಒಂದು ವಿಚಿತ್ರ ಇದೆ. ಇದು ಶಾಲೆಗೆ ಹೋಗುವ ವಯಸ್ಸಿನ ಹುಡುಗರ ರೇಸಿಗೆ ಮಾಡಿದ ಬೈಕು. ಹಾಗಾಗಿ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದು. ಆದರೆ ದೊಡ್ಡ ಜಂಪ್‌ನಿಂದ ಬಿದ್ದಾಗ ತಡೆದುಕೊಳ್ಳಲಿ ಅಂತ ಡ್ಯಾಂಪಿಂಗ್ (ಸ್ಪ್ರಿಂಗಿನ ಓಟವನ್ನು ಎಣ್ಣೆಯಿಂದ ತಡೆಯುವುದು) ಗಟ್ಟಿ. ನಿಮಗೆ ಬೇಕಾಗಿರುವುದು ಎರಡೂ ತಿರುವುಮುರುವು, ಗಟ್ಟಿ ಸ್ಪ್ರಿಂಗ್, ಮೆದು ಡ್ಯಾಂಪಿಂಗ್. ಜನ ಇಲ್ಲೇ ಗಲಿಬಿಲಿ ಆಗುತ್ತಾರೆ. ಟ್ರೇಲ್ ಅಂದರೆ ಎಲ್ಲಾ ಮೆದು ಮಾಡಬೇಕು ಅಂದುಕೊಂಡು ಸ್ಪ್ರಿಂಗನ್ನೂ ಮೆದು ಇಟ್ಟುಕೊಳ್ಳುತ್ತಾರೆ. ಆಮೇಲೆ ಬೈಕ್ ಕೂತುಕೊಂಡೇ ಓಡುತ್ತದೆ, ಬೇರು ಸಿಕ್ಕಾಗ ಒಳಗೆ ಹೋಗಲು ಜಾಗವೇ ಇರುವುದಿಲ್ಲ, ಎತ್ತಿ ಒಗೆಯುತ್ತದೆ.

ಅಳೆದು ನೋಡಿ. ಹಿಂದಿನ ಚಕ್ರ ನೆಲದಿಂದ ಎತ್ತಿ, ಆಕ್ಸಲ್‌ನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿನ ತನಕ ಟೇಪ್ ಹಿಡಿಯಿರಿ. ಆಮೇಲೆ ಬೂಟು ಹೆಲ್ಮೆಟ್ ಹಾಕಿಕೊಂಡು ಕೂತು, ಇನ್ನೊಬ್ಬರ ಹತ್ತಿರ ಅಳೆಸಿ. ವ್ಯತ್ಯಾಸ ಒಟ್ಟು ಟ್ರಾವೆಲ್‌ನ (ಚಕ್ರ ಮೇಲೆ ಕೆಳಗೆ ಓಡಬಲ್ಲ ಪೂರ್ತಿ ದೂರ) ಮೂರನೇ ಒಂದು ಭಾಗದ ಹತ್ತಿರ ಇರಬೇಕು. ಇದರ ಹಿಂದಿನ ಟ್ರಾವೆಲ್ 275 ಮಿಮೀ, ಅಂದರೆ 90 ಮಿಮೀ ಆಸುಪಾಸು. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ನಟ್ಟು) ಬಿಗಿ ಮಾಡಿ ಆ ಅಳತೆ ತನ್ನಿ. ಆಮೇಲೆ ನೀವು ಇಳಿದು, ಬೈಕ್ ತನ್ನ ತೂಕಕ್ಕೇ ಎಷ್ಟು ಕೂರುತ್ತದೆ ನೋಡಿ. ಒಂದು ಚೂರೂ ಕೂರದೆ ಪೂರ್ತಿ ಮೇಲೇ ನಿಂತಿದ್ದರೆ ಸ್ಪ್ರಿಂಗ್ ನಿಮಗೆ ಮೆದು ಅಂತ ಅರ್ಥ. ಕೇಳಲು ಉಲ್ಟಾ ಅನ್ನಿಸುತ್ತದೆ. ಆದರೆ ಮೆದು ಸ್ಪ್ರಿಂಗನ್ನು ನಿಮ್ಮ ತೂಕ ಹೊರಲಿ ಅಂತ ಅತಿಯಾಗಿ ಬಿಗಿದಿದ್ದೀರಿ, ಅದಕ್ಕೇ ಖಾಲಿ ಬೈಕನ್ನು ಅದು ಮೇಲಕ್ಕೆ ಒತ್ತಿ ಹಿಡಿದಿದೆ.

ಡ್ಯಾಂಪಿಂಗ್‌ಗೆ, ಮೊದಲು ಕ್ಲಿಕ್ಕರ್ (ಡ್ಯಾಂಪಿಂಗ್ ಹೊಂದಿಸುವ ತಿರುಪು) ಈಗ ಎಲ್ಲಿದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಮುಂದಿನ ಫೋರ್ಕ್‌ನಲ್ಲಿ ಕಂಪ್ರೆಷನ್ (ಒಳಗೆ ಹೋಗುವಾಗಿನ ತಡೆ) ಹೊರಕ್ಕೆ ತಿರುಗಿಸಿ, ಹಿಂದಿನ ಶಾಕ್‌ನಲ್ಲೂ ಆ ತಿರುಪು ಇದ್ದರೆ ಹಾಗೇ ಮಾಡಿ. ರೀಬೌಂಡ್ (ಒತ್ತಿದ ಮೇಲೆ ವಾಪಸ್ ಏಳುವ ವೇಗ) ತುಂಬಾ ನಿಧಾನ ಇಡಬೇಡಿ, ಸಾಲು ಬೇರುಗಳ ಮೇಲೆ ಹೋಗುವಾಗ ವಾಪಸ್ ಬರಲು ಸಮಯ ಸಿಗದೆ ಕೆಳಗೇ ಕೂತುಬಿಡುತ್ತದೆ. ಫೋರ್ಕ್ ಎಣ್ಣೆ ಎಷ್ಟು ಹಳೆಯದೋ ಏನೋ, ಅದನ್ನಂತೂ ಬದಲಾಯಿಸಿ.

ಬಾಣೆ ಹಾದಿ, ಸುಂಟಿಕೊಪ್ಪ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಳೆದು ನೋಡಿದೆ. ನಾನು ಕೂತಾಗ ಸರಿಯಾದ ಅಳತೆ ತರಲು ಪ್ರೀಲೋಡ್ ಪೂರ್ತಿ ಬಿಗಿಯಬೇಕಾಯಿತು, ಇಳಿದ ಮೇಲೆ ಬೈಕ್ ಅಲುಗಾಡದೆ ಮೇಲೇ ನಿಂತಿದೆ. ಹಾಗಾದರೆ ಸ್ಪ್ರಿಂಗ್ ತರಿಸಲೇಬೇಕು. ರೀಡ್ ಎಸಳಿನಲ್ಲಿ ಒಂದರ ತುದಿ ಸೀಳಿತ್ತು, ಅದನ್ನೂ ಆರ್ಡರ್ ಮಾಡುತ್ತೇನೆ.

ಇನ್ನೆರಡು ಪ್ರಶ್ನೆ. ಇಲ್ಲಿನ ಬಂಕ್‌ಗಳಲ್ಲಿ ಸಿಗುವುದು ಇ20 ಪೆಟ್ರೋಲ್. ಅದಕ್ಕೆ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬಿಡುವ ತೂತಿನ ತಿರುಪು) ಬದಲಾಯಿಸಬೇಕಾ? ಮತ್ತೆ, ನಮ್ಮ ಇನ್ನೊಂದು ಜಾಗ ರಸ್ತೆಯ ಆಚೆ ಇದೆ, ಒಂದು ಕಿಲೋಮೀಟರ್ ಡಾಂಬರು ರಸ್ತೆ. ಲೈಟ್ ಹಾಕಿಸಿಕೊಂಡು ಹೋಗಬಹುದಾ?

ಕಾವೇರಿ ಕಡವು, ಸಿದ್ದಾಪುರ:

ರಸ್ತೆ ಪ್ರಶ್ನೆಗೆ ಮೊದಲು ಉತ್ತರ. ಹೋಗಬಾರದು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 39ರ ಪ್ರಕಾರ ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ಈ ಬೈಕ್ ಇಲ್ಲಿ ಮಾರಿದ್ದೇ ರೇಸ್ ಬಳಕೆಗೆ. ಲೈಟು, ಹಾರ್ನು, ಕನ್ನಡಿ ಹಾಕಿದ ಮಾತ್ರಕ್ಕೆ ನೋಂದಣಿ ಸಿಗುವುದಿಲ್ಲ. ಯಾರಿಗಾದರೂ ಬಡಿದರೆ ಇನ್ಶೂರೆನ್ಸ್ ಇಲ್ಲ, ಆ ಮನೆಯವರ ಗತಿ ಏನು? ಪಿಕಪ್‌ನಲ್ಲಿ ಹಾಕಿಕೊಂಡು ಹೋಗಿ. ಮಂಜು ಕವಿದ ಬೆಳಿಗ್ಗೆ ತೋಟದೊಳಗೆ ಕಾಣಲಿಕ್ಕೆ ಅಂದರೆ ಚಿಕ್ಕ ಬ್ಯಾಟರಿ, ಒಂದು ಎಲ್‌ಇಡಿ ಸಾಕು. ಇದರ ಮ್ಯಾಗ್ನೆಟೋದಲ್ಲಿ ಲೈಟಿಗೆ ಕಾಯಿಲ್ ಇಲ್ಲ, ಅದನ್ನು ಸುತ್ತಿಸುವ ಗೋಜು ಬೇಡ. ಅರಣ್ಯದ ಕಡೆಯಂತೂ ತಿರುಗಲೇಬೇಡಿ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ, ಇವೆಲ್ಲಾ ವನ್ಯಜೀವಿ ಧಾಮಗಳು. ಹಳೇ ದಾರಿ ಇದೆ, ಯಾರೂ ಇಲ್ಲ ಅಂತ ಬೈಕ್ ನುಗ್ಗಿಸಿದರೆ ಕೇಸ್ ಆಗುತ್ತದೆ, ಆಗಬೇಕು ಕೂಡ.

ನಿಮ್ಮ ತೋಟದೊಳಗೂ ಒಂದು ಮಾತು. ನಮ್ಮ ಕಡೆ, ಅಂದರೆ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆ, ಆನೆಗಳು ಹಗಲು ಹೊತ್ತು ಕಾಫಿ ತೋಟದಲ್ಲೇ ನಿಂತಿರುತ್ತವೆ. ನಡೆದು ಹೋದರೆ ಕೊಂಬೆ ಮುರಿಯುವ ಸದ್ದು ಕೇಳುತ್ತದೆ, ಲದ್ದಿ ಕಾಣುತ್ತದೆ, ವಾಸನೆ ಸಿಗುತ್ತದೆ. ಟೂ ಸ್ಟ್ರೋಕ್ ಮೇಲೆ ಹೆಲ್ಮೆಟ್ ಹಾಕಿ ಕೂತರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಕೆಲಸದವರನ್ನು ಕೇಳಿ, ಆನೆ ಯಾವ ಬ್ಲಾಕಿನಲ್ಲಿದೆ ಅಂತ ತಿಳಿದುಕೊಂಡೇ ಹೊರಡಿ. ಸೈಲೆನ್ಸರ್ ಒಳಗಿನ ಗಾಜಿನ ಹತ್ತಿ (ಗ್ಲಾಸ್ ವೂಲ್) ಹೊಸದಾಗಿ ತುಂಬಿಸಿ, ಸದ್ದು ತುಂಬಾ ಇಳಿಯುತ್ತದೆ. ಜೊತೆಗೆ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಇರುವ ಸೈಲೆನ್ಸರ್ ಹಾಕಿಸಿ. ಮೋಟೋಕ್ರಾಸ್ ಬೈಕಿನಲ್ಲಿ ಅದು ಇರುವುದಿಲ್ಲ. ಫೆಬ್ರವರಿ ಮಾರ್ಚಿನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು, ಬಾಣೆಯ ಹುಲ್ಲು, ಸಿಲ್ವರ್ ಓಕ್ ಎಲೆ, ಬಿದಿರು ಎಲ್ಲಾ ಒಣಗಿ ನಿಂತಿರುತ್ತದೆ. ಒಂದು ಕೆಂಡ ಸಾಕು.

ಕಾಫಿ ಸಾಲಿನ ನಡುವೆ ಓಡಿಸಬೇಡಿ, ತೋಟದ ರಸ್ತೆಯಲ್ಲೇ ಇರಿ. ಕಾಫಿಯ ಆಹಾರ ಹೀರುವ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ, ಮಳೆಗಾಲದಲ್ಲಿ ಟಯರ್ ಅದನ್ನು ಹರಿದುಹಾಕುತ್ತದೆ. ಸಾಲಿನ ನಡುವೆ ಮಳೆ ನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಗಳು ಎಲೆ ಮುಚ್ಚಿಕೊಂಡು ಕಾಣುವುದೇ ಇಲ್ಲ, 19 ಇಂಚಿನ ಚಕ್ರ ಪೂರ್ತಿ ಇಳಿದುಬಿಡುತ್ತದೆ. ಕಡಿದಾದ ಬಾಣೆಯಲ್ಲಿ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಹತ್ತಿದರೆ ಚಡಿ ಬೀಳುತ್ತದೆ, ಜೂನ್ ಬಂದರೆ ನೀರು ಅದೇ ಚಡಿ ಹಿಡಿಯುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆಯ ಗುಡ್ಡಗಳು ಹೇಗೆ ಜಾರಿದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ನಿಮ್ಮ ಪಕ್ಕದಲ್ಲೇ ಆಗಿದ್ದು. ಮಳೆಗಾಲದಲ್ಲಿ ಇಳಿಜಾರು ಬಿಟ್ಟು ಸಮತಟ್ಟು ಜಾಗದಲ್ಲಿ ಓಡಿಸಿ.

ಹಳೇ ಆರ್‌ಎಕ್ಸ್, ವಿರಾಜಪೇಟೆ:

ಗ್ಯಾಸ್ಕೆಟ್ ವಿಷಯ ಒಪ್ಪಿದೆ, ಪೋರ್ಟ್ ಮೇಲೇಳುವುದು ನನಗೆ ಹೊಳೆದಿರಲಿಲ್ಲ. ಪೆಟ್ರೋಲ್ ಬಗ್ಗೆ ನಾನು ಹೇಳುತ್ತೇನೆ, ಇದರಲ್ಲಿ ಅನುಭವ ಇದೆ.

ಇ20ರಲ್ಲಿ ನೂರಕ್ಕೆ 20 ಭಾಗ ಎಥನಾಲ್. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಹಾಗಾಗಿ ಅದೇ ಜೆಟ್‌ನಲ್ಲಿ ಮಿಶ್ರಣ ತೆಳು (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಆಗುತ್ತದೆ, ಇಂಜಿನ್ ಬಿಸಿ. ಇನ್ನೊಂದು ಕಡೆ ಎತ್ತರದಲ್ಲಿ ಗಾಳಿ ತೆಳು, ಅದರಿಂದ ಮಿಶ್ರಣ ದಪ್ಪ ಆಗುತ್ತದೆ. ನಮ್ಮ ಎತ್ತರಕ್ಕೆ ಇವೆರಡೂ ಹೆಚ್ಚುಕಮ್ಮಿ ಒಂದನ್ನೊಂದು ಹೊಡೆದುಹಾಕುತ್ತವೆ. ಅದಕ್ಕೇ ಕೆಳಗಿನ ಊರಿನವರು ಹೇಳಿದ ಜೆಟ್ ನಂಬರ್ ಇಲ್ಲಿ ಕಣ್ಣು ಮುಚ್ಚಿ ಹಾಕಬೇಡಿ. ಈಗಿರುವ ಜೆಟ್‌ನಲ್ಲೇ ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಅಲ್ಲೇ ಕ್ಲಚ್ ಹಿಡಿದು ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗಿದ್ದರೆ ತೆಳು, ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ. ಕಾಫಿ ಪುಡಿ ಬಣ್ಣ ಇದ್ದರೆ ಬಿಡಿ. ನೀವು ಜಾಸ್ತಿ ಓಡಿಸುವುದು ಕಾಲು ಥ್ರಾಟಲ್‌ನಲ್ಲಿ, ಅಲ್ಲಿ ಲೆಕ್ಕಕ್ಕೆ ಬರುವುದು ಪೈಲಟ್ ಜೆಟ್ಟು ಮತ್ತು ನೀಡಲ್ಲು. ಸೈಲೆನ್ಸರ್ ತುದಿಯಲ್ಲಿ ಕಪ್ಪು ಎಣ್ಣೆ ಸುರಿಯುತ್ತಿದ್ದರೆ ಆ ಎರಡರಲ್ಲಿ ದಪ್ಪ ಇದೆ ಅಂತ. ಆಗ ಎಣ್ಣೆ ಕಡಿಮೆ ಮಾಡಬೇಡಿ, ಜೆಟ್ ಸರಿ ಮಾಡಿ.

ಎಣ್ಣೆ 32ಕ್ಕೆ 1, ಅಂದರೆ ಒಂದು ಲೀಟರಿಗೆ 31 ಎಂಎಲ್. ಬಂಕ್‌ನಲ್ಲಿ ಪಂಪ್ ಹೊಡೆಯುವ ಸ್ಕೂಟರ್ ಎಣ್ಣೆ ಬೇಡ, ಡಬ್ಬದ ಮೇಲೆ ಜಾಸೋ ಎಫ್‌ಡಿ (ಟೂ ಸ್ಟ್ರೋಕ್ ಎಣ್ಣೆಯ ಗುಣಮಟ್ಟದ ಗುರುತು) ಅಂತ ಇರುವುದು ತನ್ನಿ. ಎಥನಾಲ್ ನೀರು ಎಳೆಯುತ್ತದೆ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಕ್ಯಾನಿನೊಳಗೇ ನೀರು ಸೇರಿ, ಎಥನಾಲ್ ಜೊತೆ ತಳಕ್ಕೆ ಇಳಿಯುತ್ತದೆ, ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾರ್ಬುರೇಟರಿಗೆ ಹೋಗುವುದು ತಳದ್ದು. ಇಂಜಿನ್ನಿಗೆ ಎಣ್ಣೆಯೇ ಇಲ್ಲದ ಹಾಗೆ. ಅದಕ್ಕೆ ಅವತ್ತಿಗೆ ಬೇಕಾದಷ್ಟೇ ಕಲಸಿ, ನಿಲ್ಲಿಸುವಾಗ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ.

ಕೊನೆಯದು ಅತಿ ಮುಖ್ಯ. ಉದ್ದ ಇಳಿಜಾರಿನಲ್ಲಿ ಗೇರಿನಲ್ಲೇ ಥ್ರಾಟಲ್ ಪೂರ್ತಿ ಮುಚ್ಚಿ ಇಳಿಯಬೇಡಿ. ಈ ಇಂಜಿನ್ನಿಗೆ ಎಣ್ಣೆ ಬರುವುದೇ ಪೆಟ್ರೋಲ್ ಜೊತೆ. ಥ್ರಾಟಲ್ ಮುಚ್ಚಿದರೆ ಪಿಸ್ಟನ್ ಜೋರಾಗಿ ಓಡುತ್ತಿರುತ್ತದೆ, ಎಣ್ಣೆ ಮಾತ್ರ ಹನಿಯಷ್ಟು. ಕ್ಲಚ್ ಹಿಡಿದು ಆಗಾಗ ಒಂದೊಂದು ಸಲ ಥ್ರಾಟಲ್ ಕೊಡಿ. ಟ್ರ್ಯಾಕಿನಲ್ಲಿ ಇಷ್ಟುದ್ದ ಇಳಿಜಾರೇ ಇರುವುದಿಲ್ಲ, ಹಾಗಾಗಿ ಅಲ್ಲಿಂದ ಬಂದವರಿಗೆ ಈ ಅಭ್ಯಾಸ ಇರುವುದಿಲ್ಲ.

ಮಂಜಿನ ಮನೆ, ಮಡಿಕೇರಿ:

ಇಷ್ಟೆಲ್ಲಾ ಮಾಡುವ ಬದಲು ಮಾರಿ ಹೀರೋ ಎಕ್ಸ್‌ಪಲ್ಸ್ 200 ತಗೊಳ್ಳಿ. ರಸ್ತೆಗೂ ಆಗುತ್ತದೆ, ಬಿಡಿಭಾಗ ಕುಶಾಲನಗರದಲ್ಲೇ ಸಿಗುತ್ತದೆ, ಎಣ್ಣೆ ಕಲಸುವ ಕೆಲಸವಿಲ್ಲ. ನನ್ನ ಹತ್ತಿರ ಇದೆ, ದಿನಾ ಓಡಿಸುತ್ತೇನೆ.

ಕೆಂಪು ಮಣ್ಣು, ಸೋಮವಾರಪೇಟೆ:

ಒಂದೇ ಬೈಕ್ ಇಟ್ಟುಕೊಳ್ಳುವವರಿಗೆ ನಿಮ್ಮ ಮಾತು ಸರಿ. ರಸ್ತೆ ಬೇಕು ಅನ್ನುವವರಿಗೂ ಸರಿ. ಆದರೆ ಅದು ಸುಮಾರು 160 ಕೆಜಿ, ಇದರ ಎರಡರಷ್ಟು. ತೋಡಿನ ಕೆಸರಿನಲ್ಲಿ ಹೂತರೆ ಒಬ್ಬರೇ ಎಳೆಯುವುದು ಕಷ್ಟ. ತೋಟದೊಳಗೆ ಮಾತ್ರ ಓಡಿಸುತ್ತೇನೆ ಅನ್ನುವವರಿಗೆ 77 ಕೆಜಿ ಬೈಕಿನ ಸುಖ ಬೇರೆಯೇ. ಹೇಗೂ ಬೈಕ್ ಮನೆಯಲ್ಲೇ ಇದೆ, ಸ್ಪ್ರಾಕೆಟ್ಟು ರೀಡು ಹಾಕಿ ನೋಡಲಿ, ಇಷ್ಟವಾಗದಿದ್ದರೆ ಆಗ ಮಾರಬಹುದು.

ಬಾಣೆ ಹಾದಿ, ಸುಂಟಿಕೊಪ್ಪ:

ಮಾರುವುದಿಲ್ಲ. ರಸ್ತೆ ವಿಚಾರ ಬಿಟ್ಟೆ, ಆಚೆ ಜಾಗಕ್ಕೆ ಪಿಕಪ್‌ನಲ್ಲೇ ಒಯ್ಯುತ್ತೇನೆ. ಮೊದಲು ರೀಡು, ಮುಂದಿನ ಸ್ಪ್ರಾಕೆಟ್ಟು, ಫೋರ್ಕ್ ಎಣ್ಣೆ. ಆಮೇಲೆ ಸ್ಪ್ರಿಂಗು, ಫ್ಲೈವೀಲ್ ತೂಕ. ಸ್ಪಾರ್ಕ್ ಅರೆಸ್ಟರ್ ಬೇಸಿಗೆಗೆ ಮೊದಲು ಬಂದುಬಿಡಬೇಕು. ಕೊಂಬೆ ಬಡಿಯದ ಹಾಗೆ ಹ್ಯಾಂಡ್‌ಗಾರ್ಡು, ಕೆಳಗೆ ಅಲ್ಯೂಮಿನಿಯಂ ತಟ್ಟೆ ಇಲ್ಲೇ ಮಾಡಿಸುತ್ತೇನೆ. ಟಯರ್ ಒಂದು ಉಳಿಯಿತು. ಹಿಂದಿನದು ಸವೆದಿದೆ, 16 ಇಂಚಿನಲ್ಲಿ ಒಳ್ಳೆ ಮುಳ್ಳಿನ ಟಯರ್ ಸಿಗುತ್ತಿಲ್ಲ. ಸದ್ಯಕ್ಕೆ ಗಾಳಿ ಕಡಿಮೆ ಮಾಡಿ ಓಡಿಸಬಹುದಾ?

ಹತ್ತು-ಹನ್ನೆರಡು ಸ್ಪ್ಯಾನರ್, ಗೋಣಿಕೊಪ್ಪ:

ಓಡಿಸಬಹುದು, ಆದರೆ ರಿಮ್ ಲಾಕ್ ಇದ್ದರೆ ಮಾತ್ರ. ರಿಮ್‌ನಲ್ಲಿ ವಾಲ್ವ್ ಬಿಟ್ಟು ಇನ್ನೊಂದು ಬೋಲ್ಟ್ ಹೊರಗೆ ಬಂದಿದೆಯಾ ನೋಡಿ, ಅದೇ. ಇಲ್ಲದಿದ್ದರೆ ಕಡಿಮೆ ಗಾಳಿಯಲ್ಲಿ ಟಯರ್ ರಿಮ್ ಮೇಲೆ ಜಾರಿ ಟ್ಯೂಬಿನ ವಾಲ್ವನ್ನೇ ಕಿತ್ತುಹಾಕುತ್ತದೆ. ಲಾಕ್ ಇದ್ದರೆ ಮೆತ್ತನೆ ಮಣ್ಣಿಗೆ 9, 10 ಪಿಎಸ್‌ಐ. ಕಲ್ಲು ಜಾಸ್ತಿ ಇರುವ ಕಡೆ 12ಕ್ಕೆ ಏರಿಸಿ, ಇಲ್ಲದಿದ್ದರೆ ರಿಮ್ ಮತ್ತು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ದಪ್ಪ ಟ್ಯೂಬ್ ಹಾಕಿ. ಸೈಜ್ 90/100-16, ರೇಸ್ ತಂಡಗಳಿಗೆ ಸಾಮಾನು ತರಿಸಿಕೊಡುವವರ ಹತ್ತಿರ ಕೇಳಿ, ಮುಳ್ಳುಗಳ ನಡುವೆ ಅಂತರ ಜಾಸ್ತಿ ಇರುವ ಮೆದು ರಬ್ಬರಿನದೇ ಬೇಕು ಅಂತ ಹೇಳಿ. ಹತ್ತಿರ ಹತ್ತಿರ ಮುಳ್ಳಿದ್ದರೆ ನಮ್ಮ ಮಣ್ಣು ತುಂಬಿಕೊಂಡು ಬಿಡುವುದೇ ಇಲ್ಲ. ಸ್ಪ್ರಿಂಗ್ ಬಂದ ಮೇಲೆ ಅಳತೆ ಮತ್ತೊಮ್ಮೆ ತೆಗೆದು ಇಲ್ಲಿ ಹಾಕಿ, ಕ್ಲಿಕ್ಕರ್ ಎಲ್ಲಿಡಬೇಕು ಅಂತ ನೋಡೋಣ.